ಮೂರನೇ ನೀರು

ನಾನು ಅಟೆಂಡರು. ಬಂಗಾರಪೇಟೆಯ ಸರ್ಕಾರಿ ಕಾಲೇಜಿನ
ಕೆಮಿಸ್ಟ್ರಿ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ
ಬೇರೆಯವರ ಪ್ರಯೋಗಗಳ ಗಾಜು ತೊಳೆಯುತ್ತೇನೆ.

ಸುಬ್ಬರತ್ನ ಸ್ಟೇಷನ್ ರಸ್ತೆಯ ಚಿಪ್ಸ್ ಅಂಗಡಿಯಲ್ಲಿ
ಉರ್ಲಗಡ್ಡೆ ಹೆರೆಯುತ್ತಾಳೆ, ದಿನಕ್ಕೆ ಎರಡು ಮೂಟೆ.
ಹೆಬ್ಬೆರಳ ಮೇಲೊಂದು ಗಾಯ, ಅದರ ಮೇಲೆ ಇನ್ನೊಂದು,
ಉಗುರ ಸಂದಿಯಲ್ಲಿ ಮಾಲೂರಿನ ಕೆಮ್ಮಣ್ಣು.
ಕೈ ತೊಳೆದು ಬಂದರೂ ಸೀರೆಯ ಅಂಚು ಮಾತ್ರ ಗರಿಗರಿ,
ಸಿಡಿದ ನೀರು ಒಣಗಿ ಅಲ್ಲೊಂದು ಬಿಳಿ ಗೆರೆ.
ಅವಳೇ ತೋರಿಸಿದ್ದು: "ಇದು ಗಂಜಿ ಅಲ್ಲವೇನ್ರಿ?"
ಪಿಷ್ಟ, ಅಂದೆ ನಾನು. ಹಾಗಂತ ಸೀಸೆಯ ಮೇಲೆ ಬರೆದಿದೆ.
ಪಿಷ್ಟ ಅಂದರೆ?
ಗಂಜಿ, ಅಂದೆ.
ಮತ್ತೆ ನಾನೇನಂದೆ, ಅಂದಳು.

ಮೊದಲ ಸಲ ಕೆಟ್ಟಿತು. ಪಾನಿಪುರಿ ಗಾಡಿಯ ಚೌಡಪ್ಪ
ಪುಕ್ಕಟೆ ಕೊಟ್ಟನೆಂದು ಒಂದು ಚೀಲ ಸಿಪ್ಪೆ ಹೊತ್ತು ತಂದೆ.
ಬೇಯಿಸಿ ಸುಲಿದದ್ದು. ರುಬ್ಬಿದೆವು, ಸೋಸಿದೆವು,
ರಾತ್ರಿಯೆಲ್ಲ ಕಾದೆವು; ಬೆಳಗ್ಗೆ ಬಕೆಟ್ಟಿನಲ್ಲಿ
ಲೋಳೆ, ಹುಳಿ ವಾಸನೆ, ಎರಡು ಸತ್ತ ನೊಣ.
ತಳದಲ್ಲಿ ಏನೂ ಇಲ್ಲ.
ಒಮ್ಮೆ ಬೆಂದದ್ದು ಬಿಟ್ಟುಕೊಡುವುದಿಲ್ಲ, ಹಸಿಯದ್ದೇ ಬೇಕು,
ಅಂದಳು, ಲೋಳೆಯನ್ನು ಚರಂಡಿಗೆ ಸುರಿಯುತ್ತಾ,
ನನ್ನ ಕಡೆ ನೋಡದೆ.

ಆಮೇಲೆ ಅವಳ ಅಂಗಡಿಯ ಹಸಿ ಸಿಪ್ಪೆ.
ಮಣ್ಣು ಹೋಗಲು ಎರಡು ಸಲ ತೊಳೆದು,
ಒರಳಲ್ಲಿ ತಿರುವಿ (ಮಿಕ್ಸಿ ಒಂದೇ ದಿನಕ್ಕೆ ಸೋತಿತ್ತು),
ನನ್ನ ಮದುವೆಯ ಪಂಚೆಯಲ್ಲಿ ಕಟ್ಟಿ
ಅವಳೊಂದು ತುದಿ ನಾನೊಂದು ತುದಿ ಹಿಡಿದು ಹಿಂಡಿದೆವು,
ಎದುರುಬದುರು ತಿರುಚಿ, ಹಲ್ಲು ಕಚ್ಚಿ,
ಇಬ್ಬರೂ ಒಂದೇ ಮಾತಿಗೆ ಜಗಳ ಆಡುವಂತೆ.
ಸುರಿದದ್ದು ಟೀ ಅಂಗಡಿಯ ಲೋಟ ತೊಳೆದ ನೀರು.
ಇಷ್ಟಕ್ಕೇನಾ, ಅಂದಳು ಪಕ್ಕದ ಮನೆಯ ಷಹತಾಜ್,
ಸಿಪ್ಪೆಗೆಂದು ಬಂದ ಮೇಕೆಯ ಕಿವಿ ಹಿಡಿದುಕೊಂಡು.
(ಹಿಂಡಿದ ಚರಟ ಮೇಕೆಗೇ ಹೋಯಿತು. ಅದು ಬೇಸರ ಮಾಡಲಿಲ್ಲ.)

ನಮ್ಮೂರ ಪಾನಿ ನೀರಿನಷ್ಟೇ ತಿಳಿ,
ಬಾಯಿಗಿಟ್ಟ ಮೇಲೆ ತಾನೇ ಸುಡುವುದು?
ಇದು ಅದರ ದಾಯಾದಿ. ಮೇಲೆಲ್ಲ ರಾಡಿ,
ಕೈ ತಳ ಮುಟ್ಟುವವರೆಗೆ ಏನೂ ಹೇಳದು.

ಮೊದಲ ನೀರು ಕಂದು. ಮೆಲ್ಲಗೆ ಬಗ್ಗಿಸಿ ಚೆಲ್ಲಿದೆವು.
ಎರಡನೇ ನೀರು ಬೂದು.
ಮೂರನೇ ನೀರು ಹೋದ ಮೇಲೆ
ತಳಕ್ಕೆ ಕಚ್ಚಿಕೊಂಡು ಕೂತಿತ್ತು ಬಿಳಿ,
ಒತ್ತಿದರೆ ಕಲ್ಲು, ಎತ್ತಿದರೆ ಬೆರಳಿಂದ ಜಾರುವ ಹಾಲು.
ತಟ್ಟೆಗೆ ಬಳಿದು ತಾರಸಿಯ ಮೇಲಿಟ್ಟೆವು.
ಮಾರಿಕುಪ್ಪಂ ರೈಲು ಹೋದಾಗಲೆಲ್ಲ ತಟ್ಟೆ ನಡುಗಿತು.
ಸಂಜೆಗೆ ಪುಡಿ. ಎರಡು ಬಕೆಟ್ ಸಿಪ್ಪೆಗೆ ಒಂದು ಪಾವು,
ಅದೂ ತಲೆ ತಟ್ಟಿ ಅಳೆದರೆ.
ಎರಡು ಬೆರಳ ನಡುವೆ ತಿಕ್ಕಿದಳು.
ಕಿರ್ರ್ ಅಂದಿತು, ಹೊಸ ಚಪ್ಪಲಿಯ ಹಾಗೆ.

ನಾನು ಜೇಬಿನಿಂದ ಪುಟ್ಟ ಸೀಸೆ ತೆಗೆದೆ.
ಲ್ಯಾಬಿನದು. ನಾಲ್ಕು ಹನಿ, ಲೆಕ್ಕಕ್ಕೆ ಸಿಗದಷ್ಟು.
ಅಯೋಡಿನ್ ಒಂದು ತೊಟ್ಟು ಬಿಟ್ಟೆ:
ನೇರಳೆಹಣ್ಣು ಒಡೆದಂತೆ ಕಡುನೀಲಿ.
ಇಷ್ಟು ವರ್ಷ ಹುಡುಗರ ತಟ್ಟೆಯಲ್ಲಿ ನೋಡಿದ ಬಣ್ಣ
ನಮ್ಮ ತಟ್ಟೆಯಲ್ಲಿ!
"ಅಯ್ಯೋ, ಹಾಳು ಮಾಡಿದ್ರಲ್ಲ," ಅಂದಳು,
ನೀಲಿಯಾದಷ್ಟನ್ನು ಚಮಚದಲ್ಲಿ ಕೆರೆದು ಎಸೆದು.

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅನ್ನುವ ಗಾದೆ
ನಮ್ಮ ಮನೆಯಲ್ಲಿ ಕೊಂಚ ತಿರುಗಿತು:
ಹೊಟ್ಟೆಗೆ ಹೋಗದ ಹಿಟ್ಟು ಊರವರ ಕಾಲರಿಗೆ.
ಇಸ್ತ್ರಿ ಗಾಡಿಯ ಅಂಜಿನಪ್ಪ ವಾರಕ್ಕೊಂದು ಸೇರು ಕೇಳಿದ್ದಾನೆ,
ನಾವಿನ್ನೂ ಅರ್ಧ ಸೇರು ದಾಟಿಲ್ಲ.
ಅವನ ಪ್ರಕಾರ ಅಂಗಡಿಯ ಪುಡಿಗಿಂತ ಇದು ಬಿಗಿ.
ಬಿಗಿ ಅವನ ಕೈಯೂ, ದುಡ್ಡು ಕೊಡುವಾಗ, ಅನ್ನುತ್ತಾಳೆ ಇವಳು.

ನಿನ್ನೆ ಪರೀಕ್ಷೆಗೆ ಹೊರಗಿನಿಂದ ಸಾಹೇಬರು ಬರುವವರಿದ್ದರು.
ನನ್ನ ಬಿಳಿ ಯೂನಿಫಾರ್ಮಿಗೆ ಅವಳು ಗಂಜಿ ಹಾಕಿದ್ದಳು.
ಕೂತರೆ ಸದ್ದು, ಎದ್ದರೆ ಸದ್ದು.
ಅವರು ಬಂದರು, ಗಾಜು ನೋಡಿದರು, ಸಹಿ ಹಾಕಿ ಹೋದರು.

ಲ್ಯಾಬ್ ಖಾಲಿಯಾದ ಮೇಲೆ
ಅಂಗಿಯ ಕೆಳ ಅಂಚನ್ನು ಮಡಚಿ,
ಒಳಗಡೆ, ಯಾರಿಗೂ ಕಾಣದ ಕಡೆ,
ಒಂದು ತೊಟ್ಟು ಬಿಟ್ಟೆ.
ತಕ್ಷಣ ಉತ್ತರ ಕೊಟ್ಟಿತು.

ಇವತ್ತು ಒಗೆಯುವಾಗ ಅವಳ ಕಣ್ಣಿಗೆ ಬೀಳುತ್ತದೆ.
ಬೈಸಿಕೊಳ್ಳಲು ಬೇಗ ಮನೆಗೆ ಹೊರಟಿದ್ದೇನೆ.